ಮುಳ್ಳು ತೆಗೆಯದೆ ಪ್ಯಾಚ್ ಹಾಕಿದರೆ: ಸೈಕಲಿಗೂ ಸತ್ಯವೇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ

"ಸೈಕಲಿಗೂ ಸತ್ಯವೇದಕ್ಕೂ ಎಲ್ಲಿಯ ಸಂಬಂಧ ಮಾರಾಯ್ರೆ?"

ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಸೈಕಲ್ ತುಳಿಯುವವರು ಕೇಳುವಾಗ ಅದರಲ್ಲಿ ಸ್ವಲ್ಪ ಕೀಟಲೆ ಉಂಟು: ಗಾಳಿ ಹೊಡೆಯುವುದಕ್ಕೂ ವಚನ ಬೇಕಾ? ಸಂಡೇ ಸ್ಕೂಲ್ ಟೀಚರುಗಳು, ಯುವಜನ ಸಂಘದವರು ಕೇಳುವಾಗ ಕೀಟಲೆ ಇಲ್ಲ, ಅವಸರ ಉಂಟು. ಮುಂದಿನ ಭಾನುವಾರ ಮಕ್ಕಳ ಎದುರು ನಿಲ್ಲಬೇಕು, ಕೈಯಲ್ಲಿ ಒಂದು ಒಳ್ಳೆಯ ಉದಾಹರಣೆ ಬೇಕು. ಇಬ್ಬರಿಗೂ ನನ್ನ ಉತ್ತರ ಒಂದೇ. ಸಂಬಂಧ ಇದೆ, ಆದರೆ ಸೈಕಲ್ ಹೇಗೆ ಕೆಲಸ ಮಾಡುತ್ತದೆ ಎಂದು ಸರಿಯಾಗಿ ಗೊತ್ತಿದ್ದರೆ ಮಾತ್ರ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಸೈಕಲ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎರಡು ಚಕ್ರದ ಮರದ ಗಾಡಿಯನ್ನು ನೆಲಕ್ಕೆ ಕಾಲು ಒದ್ದು ಓಡಿಸಿದ್ದು 1817ರಲ್ಲಿ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದ 1834ರಲ್ಲೂ ಪೆಡಲ್ ಇರುವ ಸೈಕಲ್ ಹುಟ್ಟಿರಲಿಲ್ಲ. ಗಾಳಿ ತುಂಬಿದ ಟಯರನ್ನು ಡನ್‌ಲಪ್ ಮಾಡಿದ್ದು 1888ರಲ್ಲಿ. ಹಾಗಾಗಿ ಅಪೊಸ್ತಲ ಪೌಲನು ಓಟಗಾರರ ಬಗ್ಗೆ ಬರೆದ, ಯೇಸು ನೊಗದ ಬಗ್ಗೆ ಹೇಳಿದ. ಆದರೆ ಯೇಸುವಿನ ಸಾಮ್ಯಗಳನ್ನು (ದೃಷ್ಟಾಂತ ಕಥೆಗಳನ್ನು) ಒಮ್ಮೆ ಕೆಲಸಗಾರನ ಕಣ್ಣಿನಿಂದ ಓದಿ ನೋಡಿ. ದಾರಿಬದಿಗೆ ಬಿದ್ದ ಬೀಜ ಹಕ್ಕಿಗೆ, ಬಂಡೆಯ ಮೇಲೆ ಬಿದ್ದದ್ದು ಬೇಗ ಮೊಳೆತು ಬೇಗ ಒಣಗುತ್ತದೆ, ಯಾಕೆಂದರೆ ಮಣ್ಣು ಆಳವಿಲ್ಲ. ಬೇಸಾಯ ಮಾಡಿದವನು ಇದರಲ್ಲಿ ತಪ್ಪು ಹುಡುಕಲಾರ. ಸಾಮ್ಯ ನಿಲ್ಲುವುದು ಆ ವಿವರದ ಮೇಲೆ. ಬೇಸಾಯ ತಪ್ಪಾಗಿದ್ದರೆ ಪಾಠವೂ ಬೀಳುತ್ತಿತ್ತು.

ಸೈಕಲಿನ ಪಾಠಗಳಲ್ಲಿ ಹೆಚ್ಚಿನವು ಬೀಳುವುದು ಇಲ್ಲಿಯೇ. ಎಲ್ಲರೂ ಹೇಳುವುದು ಒಂದುಂಟು: ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ ಬೀಳುತ್ತದೆ, ಹಾಗೆಯೇ ನಂಬಿಕೆಯಲ್ಲೂ ನಿಲ್ಲಬಾರದು. ಕೇಳಲು ಚಂದ. ಆದರೆ ಕದ್ರಿ ಗುಡ್ಡೆ ಇಳಿಯುವಾಗ ಯಾರೂ ತುಳಿಯುವುದಿಲ್ಲ, ಯಾರೂ ಬೀಳುವುದಿಲ್ಲ. ಸೈಕಲ್ ಬೀಳದೆ ನಿಲ್ಲುವುದು ತುಳಿತದಿಂದಲ್ಲ. ಅದು ಎಡಕ್ಕೆ ವಾಲಿದಾಗ ಮುಂದಿನ ಚಕ್ರವೂ ಎಡಕ್ಕೇ ತಿರುಗಿ, ಬೀಳುತ್ತಿರುವ ಭಾರದ ಅಡಿಗೆ ಚಕ್ರವನ್ನು ತರುತ್ತದೆ. ಕಲಿಯುವವರು ಬೀಳುವುದು ಭಯದಲ್ಲಿ ಹ್ಯಾಂಡಲನ್ನು ಬಿಗಿಹಿಡಿದು ಈ ತಿರುಗುವಿಕೆಗೆ ಅಡ್ಡಿ ಮಾಡುವುದರಿಂದ, ಅಥವಾ ವಾಲಿದ ಕಡೆಯನ್ನು ಬಿಟ್ಟು ಎದುರು ಕಡೆಗೆ ಎಳೆಯುವುದರಿಂದ. ಪಾಠ ಬೇಕೇ ಬೇಕೆಂದಾದರೆ ಅದು ಇಲ್ಲಿದೆ: ಎಲ್ಲಿ ವಾಲುತ್ತಿದ್ದೇನೆ ಎಂದು ಒಪ್ಪಿಕೊಂಡು ಅತ್ತಲೇ ತಿರುಗಬೇಕು. "ಎಡೆಬಿಡದೆ ತುಳಿ" ಎಂಬುದಕ್ಕಿಂತ ಇದು ಕಷ್ಟದ ಪಾಠ. ಅದಕ್ಕೇ ಇರಬೇಕು, ಪೋಸ್ಟರುಗಳಲ್ಲಿ ಇದು ಕಾಣಿಸುವುದಿಲ್ಲ.

ನನ್ನ ಲೆಕ್ಕದಲ್ಲಿ ಸೈಕಲ್ ಕಲಿಸುವ ದೊಡ್ಡ ಪಾಠ ಮಾನಸಾಂತರದ್ದು, ಅಂದರೆ ಪಾಪದಿಂದ ಮನಸ್ಸು ತಿರುಗಿಸಿಕೊಳ್ಳುವುದರದ್ದು. ಅದನ್ನು ಕಲಿಸುವುದು ಪಂಕ್ಚರ್.

ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಹಾದು ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ತುಳಿಯುವವರಿಗೆ ಮುಳ್ಳಿಗಿಂತ ದೊಡ್ಡ ಶತ್ರು ತಂತಿ. ಲಾರಿ ಟಯರುಗಳು ಒಡೆದಾಗ ಒಳಗಿನ ಉಕ್ಕಿನ ತಂತಿ ಚೂರುಚೂರಾಗಿ ರಸ್ತೆಯ ಬದಿಗೆ ಸರಿಯುತ್ತದೆ. ಕೂದಲಿಗಿಂತ ಸ್ವಲ್ಪ ದಪ್ಪ, ಅರ್ಧ ಇಂಚೂ ಇಲ್ಲ. ಅದು ಟಯರಿನೊಳಗೆ ಹೊಕ್ಕರೆ ಹೊರಗಿನಿಂದ ಕಾಣುವುದೇ ಇಲ್ಲ. ಟ್ಯೂಬ್ ತೆಗೆದು ತೂತು ಹುಡುಕಿ ಪ್ಯಾಚ್ ಹಾಕಿ ಗಾಳಿ ತುಂಬಿ ಹೊರಟರೆ ಎರಡು ಕಿಲೋಮೀಟರಿನೊಳಗೆ ಮತ್ತೆ ಚಪ್ಪಟೆ. ಜನ ಸೊಲ್ಯೂಶನ್ನಿಗೆ (ಪ್ಯಾಚ್ ಅಂಟಿಸುವ ಗೋಂದಿಗೆ) ಬೈಯುತ್ತಾರೆ, ಪ್ಯಾಚಿಗೆ ಬೈಯುತ್ತಾರೆ. ಪ್ಯಾಚ್ ಗಟ್ಟಿಯಾಗಿಯೇ ಇರುತ್ತದೆ. ಹೊಸ ತೂತು ಅದರ ಪಕ್ಕದಲ್ಲೇ ಆಗಿರುತ್ತದೆ, ಯಾಕೆಂದರೆ ತಂತಿ ಇದ್ದದ್ದು ಟ್ಯೂಬಿನಲ್ಲಲ್ಲ, ಟಯರಿನಲ್ಲಿ.

ಸರಿಯಾದ ಕ್ರಮ ಹೀಗೆ. ಚಕ್ರ ಬಿಚ್ಚಿದ ಮೇಲೆ, ವಾಲ್ವ್ ಇರುವ ಜಾಗದಲ್ಲಿ ಟಯರಿನ ಮೇಲೆ ಚಾಕ್‌ನಿಂದ ಗುರುತು ಹಾಕಿ. ಆಮೇಲೆ ಟ್ಯೂಬಿನ ತೂತು ಸಿಕ್ಕಿದಾಗ ಟಯರಿನ ಯಾವ ಜಾಗದಲ್ಲಿ ಹುಡುಕಬೇಕೆಂದು ಈ ಗುರುತೇ ಹೇಳುತ್ತದೆ. ಪೂರ್ತಿ ಗಾಳಿ ಬಿಟ್ಟು, ಟಯರಿನ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ಗುಳಿಗೆ ಇಳಿಸಿ. ಹೀಗೆ ಮಾಡಿದರೆ ಅರ್ಧ ಬಲ ಸಾಕು. ಎರಡು ಟಯರ್ ಲಿವರುಗಳನ್ನು ಹತ್ತು ಸೆಂಟಿಮೀಟರ್ ಅಂತರದಲ್ಲಿ ಹಾಕಿ. ಸ್ಕ್ರೂಡ್ರೈವರ್ ಬೇಡ, ಅದು ಒಂದು ಪಂಕ್ಚರನ್ನು ಎರಡು ಮಾಡುತ್ತದೆ. ಟ್ಯೂಬಿಗೆ ಅದರ ಗಾತ್ರ ಎರಡು ಪಟ್ಟಾಗುವಷ್ಟು ಗಾಳಿ ತುಂಬಿ ಕೆನ್ನೆಯ ಹತ್ತಿರ ತಿರುಗಿಸಿ, ಇಲ್ಲವೇ ಬಕೆಟ್ ನೀರಿನಲ್ಲಿ ಅದ್ದಿ.

ಈಗ ತೂತನ್ನು ಓದಬೇಕು. ಹೊರಮೈಯಲ್ಲಿ ಒಂದೇ ತೂತು ಇದ್ದರೆ ಮುಳ್ಳು, ತಂತಿ ಅಥವಾ ಗಾಜು. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು ಇದ್ದರೆ ಏನೂ ಚುಚ್ಚಿಲ್ಲ. ಗಾಳಿ ಕಡಿಮೆ ಇದ್ದು, ಹೊಂಡದ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ರಸ್ತೆಗೂ ನಡುವೆ ಜಜ್ಜಿದೆ. ಒಳಮೈಯಲ್ಲಿ, ರಿಮ್ಮಿನ ಕಡೆಗೆ, ತೂತಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತುದಿ ತಾಗುತ್ತಿದೆ. ವಾಲ್ವಿನ ಬುಡದಲ್ಲಿ ಹರಿದಿದ್ದರೆ, ಕಡಿಮೆ ಗಾಳಿಯಲ್ಲಿ ಓಡಿಸಿ ಟ್ಯೂಬ್ ಒಳಗೇ ಜಾರಿದೆ. ನಾಲ್ಕೂ ಪಂಕ್ಚರೇ, ನಾಲ್ಕಕ್ಕೂ ಗಾಳಿ ಹೋಗುವುದು ಒಂದೇ ರೀತಿ. ಮದ್ದು ಮಾತ್ರ ಬೇರೆ ಬೇರೆ.

ತೂತಿನ ಸುತ್ತ ಪ್ಯಾಚಿಗಿಂತ ಅಗಲವಾಗಿ ಮರಳುಕಾಗದದಿಂದ ಉಜ್ಜಿ ಹೊಳಪು ಹೋಗಿಸಿ. ಸೊಲ್ಯೂಶನ್ ತೆಳುವಾಗಿ ಹಚ್ಚಿ ಐದು ನಿಮಿಷ ಬಿಡಿ, ಜುಲೈ ತಿಂಗಳ ಹಸಿಯಲ್ಲಿ ಇನ್ನೂ ಎರಡು ನಿಮಿಷ. ಒದ್ದೆ ಇರುವಾಗಲೇ ಪ್ಯಾಚ್ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒಣಗಿದ ಮೇಲೆಯೇ ಅದು ಹಿಡಿಯುವುದು. ಪ್ಯಾಚನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಆಮೇಲೆ ಟಯರಿನ ಒಳಮೈಯನ್ನು ಹಳೆಯ ಬನಿಯನ್ ಬಟ್ಟೆಯಿಂದ ನಿಧಾನವಾಗಿ ಸುತ್ತ ಒರಸಿ. ಬಟ್ಟೆ ಸಿಕ್ಕಿಕೊಂಡ ಜಾಗದಲ್ಲಿ ತಂತಿ ಇದೆ. ಚಿಮಟದಿಂದ ಒಳಗಿನಿಂದಲೇ ಎಳೆದು ತೆಗೆಯಿರಿ, ಹೊರಗೆ ದೂಡಬೇಡಿ; ಅರ್ಧ ಮುರಿದು ಒಳಗೇ ಉಳಿಯುತ್ತದೆ.

ಪಾಪನಿವೇದನೆಗೆ ಹೋಗುವ ಕೆಥೊಲಿಕರಿಗೂ, ಮನೆಯಲ್ಲೇ ಮೊಣಕಾಲೂರುವ ಪ್ರೊಟೆಸ್ಟೆಂಟರಿಗೂ ಇಲ್ಲಿ ಹೇಳುವುದು ಬಹಳ ಉಂಟು. "ಕರ್ತನೇ, ಕ್ಷಮಿಸು" ಎಂಬುದು ಪ್ಯಾಚ್. ಅದು ಗಟ್ಟಿ, ಅದರ ಬಗ್ಗೆ ಸಂಶಯ ಬೇಡ. ಮತ್ತೆ ಅದೇ ಪಾಪಕ್ಕೆ ಬಿದ್ದಾಗ ಕ್ಷಮೆಯೇ ಹಿಡಿಯಲಿಲ್ಲ ಎಂದು ಹೆದರುವವರು ಪ್ಯಾಚಿಗೆ ಬೈಯುತ್ತಿದ್ದಾರೆ. ನೋಡಬೇಕಾದ್ದು ಟಯರನ್ನು. ಮನೆಯವರ ಮೇಲೆ ದಿನಾ ರೇಗುವವನಿಗೆ ಒಂದು ಮುಳ್ಳು ಇರಬಹುದು: ಹಳೆಯ ಒಂದು ಜಗಳ, ತೀರದ ಒಂದು ಸಾಲ. ಅಥವಾ ಮುಳ್ಳೇ ಇಲ್ಲದೆ ಬರೀ ಗಾಳಿ ಕಡಿಮೆ ಇರಬಹುದು: ನಿದ್ದೆ ಇಲ್ಲ, ಪ್ರಾರ್ಥನೆ ಇಲ್ಲ, ಸಣ್ಣ ಹೊಂಡಕ್ಕೂ ಜಜ್ಜುತ್ತದೆ. ಎರಡಕ್ಕೂ ಒಂದೇ ಪ್ರಾರ್ಥನೆ ಹೇಳಿ ಎದ್ದರೆ ಎರಡು ಕಿಲೋಮೀಟರಿನ ಲೆಕ್ಕ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೋಡಿ (ಲೂಕ 19). ಅವನು ಕ್ಷಮೆ ಕೇಳುವ ಮಾತು ಅಲ್ಲಿ ಇಲ್ಲವೇ ಇಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ. ಚಿಮಟ ಹಿಡಿದು ತಂತಿ ಎಳೆಯುವುದೆಂದರೆ ಅದು.

ಒಂದು ಎಚ್ಚರಿಕೆ. ಪೌಲನ ಶರೀರದಲ್ಲಿದ್ದ ಮುಳ್ಳನ್ನು (2 ಕೊರಿಂಥ 12) ಇದಕ್ಕೆ ಗಂಟು ಹಾಕಬೇಡಿ. ತೆಗೆದುಬಿಡು ಎಂದು ಅವನು ಮೂರು ಸಲ ಬೇಡಿದ, ಅದು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಅದು ನೋವಿನ ಮಾತು, ಪಾಪದ್ದಲ್ಲ. ಕಾಯಿಲೆಯಲ್ಲಿ ಮಲಗಿದವರ ಹತ್ತಿರ ಹೋಗಿ "ನಿಮ್ಮ ಟಯರಿನಲ್ಲಿ ಏನೋ ಮುಳ್ಳು ಉಂಟು" ಎನ್ನುವವರು ಸೈಕಲನ್ನೂ ಕಲಿತಿಲ್ಲ, ಸತ್ಯವೇದವನ್ನೂ ಓದಿಲ್ಲ.

ಇದೇ ಮಾನಸಾಂತರದ ಇನ್ನೊಂದು ಮುಖ ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿದೆ. ಮಳೆಗಾಲದಲ್ಲಿ ಬದಿಯ ಮಣ್ಣು ಕೊಚ್ಚಿಹೋಗಿ ಕಾಂಕ್ರೀಟಿನ ಅಂಚು ನಾಲ್ಕೈದು ಇಂಚು ಎತ್ತರ ನಿಂತಿರುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಸೈಕಲ್ ಕೆಳಗಿಳಿಯುತ್ತದೆ, ಇಳಿಯುವುದು ಸುಲಭ. ಅಪಾಯ ಇರುವುದು ಮೇಲೆ ಬರುವಾಗ. ಅಂಚಿಗೆ ಸಮಾನಾಂತರವಾಗಿ ಹೋಗುತ್ತಾ ಹ್ಯಾಂಡಲನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿದರೆ ಮುಂದಿನ ಟಯರಿನ ಬದಿ ಅಂಚಿಗೆ ಉಜ್ಜುತ್ತದೆ, ಹತ್ತುವುದಿಲ್ಲ. ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ, ವಾಲಿದ ಮೈಯ ಅಡಿಗೆ ಬರಲಾರದು, ಸವಾರ ರಸ್ತೆಯ ನಡುವಿಗೆ, ಬಸ್ಸಿನ ಕಡೆಗೇ, ಬೀಳುತ್ತಾನೆ. ಮಾಡಬೇಕಾದ್ದು: ವೇಗ ಇಳಿಸಿ, ಹಿಂದೆ ನೋಡಿ, ಅಂಚಿನಿಂದ ಅರ್ಧ ಮೀಟರ್ ದೂರ ಸರಿದು, ಕಡಿಮೆಯೆಂದರೆ 45 ಡಿಗ್ರಿ ಕೋನದಲ್ಲಿ ಎದುರಾಗಿ, ಸೀಟಿನಿಂದ ಸ್ವಲ್ಪ ಎದ್ದು ಹತ್ತಿಸುವುದು. ಅಂಚು ಎತ್ತರ ಇದ್ದರೆ ಇಳಿದು ಎತ್ತಿಡುವುದು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಳೆಯ ಒಡಂಬಡಿಕೆಯ ಪ್ರವಾದಿಗಳು ತಿರುಗಿಕೊಳ್ಳಿರಿ ಎನ್ನುವಾಗ ಬಳಸುವ ಇಬ್ರಿಯ (ಹೀಬ್ರೂ) ಪದ "ಶೂವ್". ಹಿಂದಿರುಗು ಎಂಬುದು ಅದರ ನೇರ ಅರ್ಥ. ಯೇಸುವಿನ ಸಾಮ್ಯದಲ್ಲಿ ಆಸ್ತಿ ಹಾಳುಮಾಡಿ ಹಂದಿ ಮೇಯಿಸುವ ಸ್ಥಿತಿಗೆ ಬಂದ ತಪ್ಪಿಹೋದ ಮಗ ಹಂದಿಗಳ ಹತ್ತಿರ ಕೂತುಕೊಂಡೇ ತಂದೆಗೆ ಒಂದು ಪತ್ರ ಬರೆಯಲಿಲ್ಲ, ಎದ್ದ, ಹೊರಟ. ಕೆಟ್ಟ ಅಭ್ಯಾಸದ ಅಂಚಿನಲ್ಲೇ ಸವಾರಿ ಮಾಡುತ್ತಾ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತೇನೆ ಎನ್ನುವವರು ಬೀಳುವುದು ಕಾಂಕ್ರೀಟಿನ ಅಂಚು ಬೀಳಿಸುವ ಕಾರಣಕ್ಕೇ. ಕೋನ ಸಾಕಾಗುವುದಿಲ್ಲ.

ಇನ್ನು ಗಾಳಿ. ತೂತೇ ಇಲ್ಲದ ಟ್ಯೂಬಿನಿಂದಲೂ ಗಾಳಿ ರಬ್ಬರಿನ ಮೂಲಕ ವಾರ ವಾರ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ. ಯಾರ ತಪ್ಪೂ ಅಲ್ಲ, ಅದರ ಗುಣವೇ ಅದು. ಅಗಲ ಟಯರಿನ ಎಂಟಿಬಿಗೆ (ಮೌಂಟನ್ ಬೈಕಿಗೆ) 35ರಿಂದ 45 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಹೈಬ್ರಿಡ್ಡಿಗೆ 50ರಿಂದ 60 ಸಾಕು. ಮಿತಿ ಎಷ್ಟೆಂದು ಟಯರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿ ನಂಬುವಂಥದ್ದಲ್ಲ, 30 ಆದ ಮೇಲೆ ಎಲ್ಲವೂ ಕಲ್ಲಿನ ಹಾಗೆಯೇ ಅನಿಸುತ್ತದೆ. ಮೀಟರ್ ಇರುವ ಪಂಪ್ ಇಟ್ಟುಕೊಂಡು ವಾರಕ್ಕೊಮ್ಮೆ ಹೊಡೆಯಿರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತಿತ್ತು ಎಂದು ವಿಮೋಚನಕಾಂಡ 16ರಲ್ಲಿ ಓದುತ್ತೇವಲ್ಲ, ಸಂಡೇ ಸ್ಕೂಲಿನಲ್ಲಿ ಅದನ್ನು ವಿವರಿಸಲು ಈ ಟ್ಯೂಬಿಗಿಂತ ಒಳ್ಳೆಯ ವಸ್ತು ಸಿಗಲಿಕ್ಕಿಲ್ಲ. ಪ್ರಾರ್ಥನೆ ಒಣಗಿದ್ದಕ್ಕೆಲ್ಲ ಗುಪ್ತ ಪಾಪ ಹುಡುಕಬೇಕಾಗಿಲ್ಲ. ಕೆಲವೊಮ್ಮೆ ಮೂರು ವಾರ ಪಂಪ್ ಮುಟ್ಟಿರುವುದಿಲ್ಲ, ಅಷ್ಟೇ.

"ನನ್ನ ನೊಗ ಮೃದು, ನನ್ನ ಹೊರೆ ಹಗುರ" ಎಂಬ ಅರ್ಥದ ಯೇಸುವಿನ ಮಾತು (ಮತ್ತಾಯ 11) ಗೇರ್ ಸೈಕಲ್ ಇರುವವರಿಗೆ ಬೇಗ ಅರ್ಥವಾಗುತ್ತದೆ. ಉಡುಪಿಯಿಂದ ಇಂದ್ರಾಳಿ ಮೇಲೆ ಮಣಿಪಾಲಕ್ಕೆ ಹತ್ತುವ ಏರನ್ನೇ ತೆಗೆದುಕೊಳ್ಳಿ. ಮುಂದಿನ ಚೈನ್ ಚಕ್ರದಲ್ಲಿ 44, ಹಿಂದಿನದರಲ್ಲಿ 16 ಹಲ್ಲು ಇಟ್ಟುಕೊಂಡರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 6 ಮೀಟರ್ ಹೋಗಬೇಕು. ಮುಂದೆ 28, ಹಿಂದೆ 34 ಇಟ್ಟರೆ 1.8 ಮೀಟರ್. ಗುಡ್ಡೆ ಒಂದಿಂಚೂ ತಗ್ಗಲಿಲ್ಲ, ಮೇಲೆ ಎತ್ತಬೇಕಾದ ಭಾರವೂ ಅಷ್ಟೇ. ಮೊಣಕಾಲಿಗೆ ಒಮ್ಮೆಗೆ ಬರುವ ಪಾಲು ಮಾತ್ರ ಮೂರನೇ ಒಂದಕ್ಕಿಂತ ಕಡಿಮೆಯಾಯಿತು. ನೊಗವೇ ಇಲ್ಲ ಎಂದು ಯೇಸು ಹೇಳಲಿಲ್ಲ. ಗ್ರೀಕ್ ಮೂಲದಲ್ಲಿ ನೊಗಕ್ಕೆ ಬಳಸಿದ "ಖ್ರೆಸ್ತೊಸ್" ಎಂಬ ಪದಕ್ಕೆ ಹಿತವಾದ, ಒಗ್ಗುವ ಎಂಬ ಅರ್ಥಗಳಿವೆ. ಕಂಬಳದ ಕೋಣಗಳನ್ನು ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುತ್ತಿಗೆಗೆ ಒಗ್ಗದ ನೊಗ ಹುಣ್ಣು ಮಾಡುತ್ತದೆ.

ಸೈಕಲಿನಲ್ಲಿ ಹುಣ್ಣು ಮಾಡುವುದು ಸೀಟಿನ ಎತ್ತರ. ಸೀಟಿನಲ್ಲಿ ಕೂತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಕ್ಕಷ್ಟು ಬಾಗಿರುತ್ತದೆ. ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವ ಹಾಗೆ ಇಟ್ಟುಕೊಂಡಿರುತ್ತಾರೆ (ಇದು ನನ್ನ ಅಂದಾಜು, ಲೆಕ್ಕ ಹಾಕಿದ್ದಲ್ಲ). ನಿಂತಾಗ ಧೈರ್ಯ, ತುಳಿಯುವಾಗ ಮೊಣಕಾಲಿನ ಮುಂಭಾಗದಲ್ಲಿ ನೋವು. ಮೊಣಕಾಲಿನ ಹಿಂದೆ ನೋವಿದ್ದರೆ, ಸೊಂಟ ಎಡಬಲ ಕುಲುಕುತ್ತಿದ್ದರೆ ಸೀಟು ಹೆಚ್ಚು ಮೇಲಿದೆ. ಒಂದು ಸಲಕ್ಕೆ 5 ಮಿಲಿಮೀಟರ್ ಮಾತ್ರ ಬದಲಿಸಿ ನಾಲ್ಕು ದಿನ ನೋಡಿ. ಇನ್ನೊಬ್ಬರ ಉಪವಾಸ, ಇನ್ನೊಬ್ಬರ ಮೂರು ಗಂಟೆಯ ಪ್ರಾರ್ಥನೆ ನೋಡಿ ಅದೇ ಅಳತೆ ತನಗೂ ಹಾಕಿಕೊಂಡು ತಿಂಗಳೊಳಗೆ ಎಲ್ಲ ಬಿಟ್ಟವರ ಕಥೆಯೂ ಬೇರೆ ಅಲ್ಲ.

ಗೇರ್ ಇಳಿಸುವುದು ಏರು ಶುರುವಾಗುವ ಮೊದಲು. ಅರ್ಧ ಏರಿ, ಉಸಿರು ಕಟ್ಟಿ, ಪೆಡಲನ್ನು ಬಲವಾಗಿ ಒತ್ತುತ್ತಿರುವಾಗ ಇಳಿಸಿದರೆ ಚೈನ್ ಕರಕರ ಎಂದು ಹಲ್ಲು ಜಾರುತ್ತದೆ, ಕಳಚಲೂಬಹುದು. ಶೋಧನೆಯ ನಡುವೆ ಶಮೆದಮೆ (ಮನಸ್ಸಿನ ಹತೋಟಿ) ಹುಡುಕುವುದು ಇದೇ ಬಗೆ.

ಚೈನ್ ಬಗ್ಗೆ ಬರೆಯದೆ ಕರಾವಳಿಯಲ್ಲಿ ಸೈಕಲ್ ಬಗ್ಗೆ ಬರೆಯಲಾಗದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ, ಮಲ್ಪೆ-ಪಣಂಬೂರಿನ ಉಪ್ಪುಗಾಳಿ, ಎಲ್ಲಿ ನೋಡಿದರೂ ಕೆಂಪುಕಲ್ಲಿನ ಹುಡಿ. ಜನ ಚೈನಿನ ಹೊರಗೆ ಎಣ್ಣೆ ಸುರಿಯುತ್ತಾರೆ. ಹೊರಗೆ ನಿಂತ ಎಣ್ಣೆ ಹುಡಿಯನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಎಣ್ಣೆ ಬೇಕಾದ್ದು ಒಳಗೆ, ರೋಲರ್ ಮತ್ತು ಪಿನ್ನಿನ ನಡುವೆ. ಮೊದಲು ಬಟ್ಟೆಯಿಂದ ಒರಸಿ, ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹೊರಗಿನದ್ದನ್ನೆಲ್ಲ ಒರಸಿ ತೆಗೆಯಿರಿ. ಚೈನ್ ಮುಟ್ಟಿದರೆ ಬೆರಳು ಹೆಚ್ಚು ಕರಿಯಾಗಬಾರದು. ತೆಂಗಿನೆಣ್ಣೆ ಮನೆಯಲ್ಲಿ ಸದಾ ಇರುತ್ತದೆ ನಿಜ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಚೈನಿಗೆಂದೇ ಮಾಡಿದ, ಮಳೆಗೆ ನಿಲ್ಲುವ ಎಣ್ಣೆ ಕೊಳ್ಳಿ. ಕಬ್ಬಿಣ ಮೊಂಡಾಗಿದ್ದು ಬಾಯಿ ಮಸೆಯದಿದ್ದರೆ ಹೆಚ್ಚು ಬಲ ಹಾಕಬೇಕಾಗುತ್ತದೆ ಎಂದು ಪ್ರಸಂಗಿ 10:10 ಹೇಳುವುದು ಇದನ್ನೇ. ಸೇವೆಯಲ್ಲಿ ದಣಿದೆ ಎನ್ನುವವರಲ್ಲಿ ಕೆಲವರಿಗೆ ಸೇವೆ ಹೆಚ್ಚಾಗಿರುವುದಿಲ್ಲ, ಚೈನ್ ಒಣಗಿರುತ್ತದೆ.

ಚೈನ್ ಸವೆಯುವುದು ಕಣ್ಣಿಗೆ ಕಾಣುವುದಿಲ್ಲ, ಅಳೆಯಬೇಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12 ಪೂರ್ತಿ ಕೊಂಡಿ ಸರಿಯಾಗಿ 12 ಇಂಚು. ಉಕ್ಕಿನ ಸ್ಕೇಲಿನಲ್ಲಿ ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ತೋರಿಸಿದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೆಚ್ಚಾಗುವ ತನಕ ಬಿಟ್ಟರೆ ಅಷ್ಟರಲ್ಲಿ ಹಿಂದಿನ ಹಲ್ಲುಗಳೂ ಆ ಸವೆದ ಚೈನಿಗೆ ಹೊಂದಿಕೊಂಡು ಸವೆದಿರುತ್ತವೆ. ಆಗ ಬರೀ ಹೊಸ ಚೈನ್ ಹಾಕಿದರೆ ಏರಿನಲ್ಲಿ ಒತ್ತಿ ತುಳಿದಾಗ ಟಕ್ ಟಕ್ ಎಂದು ಜಾರುತ್ತದೆ. "ಹೊಸ ಚೈನೇ ಕೆಟ್ಟದ್ದು" ಎಂದು ಅಂಗಡಿಯವರ ಹತ್ತಿರ ಜಗಳ ಆಗುವುದು ಹೀಗೆ. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ಹೆಚ್ಚುತ್ತದೆ ಎಂದು ಮತ್ತಾಯ 9ರಲ್ಲಿ ಇರುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಉಜ್ಜೀವನ ಕೂಟದಲ್ಲಿ (ನಂಬಿಕೆಗೆ ಹೊಸ ಜೀವ ತುಂಬುವ ಸಭೆಯಲ್ಲಿ) ಮಾಡಿದ ತೀರ್ಮಾನ ಹೊಸ ಚೈನ್. ಮನೆಗೆ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ಕೈ ತಾನಾಗಿ ಹೋಗುವ ಮೊಬೈಲು, ಅದೇ ಗೆಳೆಯರು, ಅದೇ ಮಾತು, ಇವು ಹಳೆಯ ಹಲ್ಲುಗಳು.

ಕಡ್ಡಿಗಳ ವಿಷಯದಲ್ಲಿ ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಹಳೆಯ ಕರಿ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಎಲ್ಲವೂ ಎಳೆತದಲ್ಲಿರುತ್ತವೆ, ಒಂದು ಎಡಕ್ಕೆ ಎಳೆದರೆ ಪಕ್ಕದ್ದು ಬಲಕ್ಕೆ. ಭಾರ ಬಿದ್ದಾಗ ನೆಲದ ಕಡೆಗಿರುವ ಕಡ್ಡಿಗಳ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಚಕ್ರ ತಿರುಗಿದಾಗ ಮತ್ತೆ ಬರುತ್ತದೆ. ಸಡಿಲ ಕಡ್ಡಿಯಾದರೆ ಪ್ರತಿ ಸುತ್ತಿಗೂ ಪೂರ್ತಿ ಜೋಲುಬಿದ್ದು ಮತ್ತೆ ಬಿಗಿಯುತ್ತದೆ. ಹತ್ತು ಕಿಲೋಮೀಟರಿಗೆ ಸುಮಾರು 4,600 ಸುತ್ತು. ಹಬ್ಬಿನ (ಚಕ್ರದ ನಡುಭಾಗದ) ಹತ್ತಿರದ ಬಾಗಿನಲ್ಲಿ ಕೊನೆಗೆ ಮುರಿಯುವುದು ಹೆಚ್ಚಾಗಿ ಆ ಸಡಿಲ ಕಡ್ಡಿಯೇ, ಬಿಗಿಯಾಗಿ ದುಡಿದದ್ದಲ್ಲ. ಅದು ಮುರಿದಾಗ ರಿಮ್ ಬೆಂಡಾಗಿ ಅಕ್ಕಪಕ್ಕದವುಗಳ ಮೇಲೆ ಹೊರೆ ಬೀಳುತ್ತದೆ. ಒಂದು ಅಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು ಎಂಬ 1 ಕೊರಿಂಥ 12ರ ಮಾತನ್ನು ಸಭೆಯ ಬಗ್ಗೆ ಹೇಳುವಾಗ ಈ ಅರ್ಧವನ್ನೂ ಸೇರಿಸಬಹುದು: ಯಾವ ಕೆಲಸವನ್ನೂ ಕೊಡದೆ ಜೋಲುಬಿಟ್ಟ ಸದಸ್ಯರೇ ಮೊದಲು ಮುರಿದು ಹೋಗುವವರು. ಸರಿಮಾಡುವಾಗ ನಿಪ್ಪಲನ್ನು (ಕಡ್ಡಿಯ ರಿಮ್ ಕಡೆಯ ತುದಿಯ ನಟ್ಟನ್ನು) ಒಮ್ಮೆಗೆ ಕಾಲು ಸುತ್ತು ಮಾತ್ರ. ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಿ, ಎಡಬದಿಯದ್ದನ್ನು ಕಾಲು ಸುತ್ತು ಸಡಿಲಿಸಿ. ಬರೀ ಬಿಗಿಮಾಡುತ್ತಾ ಹೋದರೆ ಚಕ್ರ ದುಂಡಗೆ ಉಳಿಯುವುದಿಲ್ಲ. ಸಭಾಪಾಲಕರಿಗೂ ಇದು ಗೊತ್ತಿರುವುದು ಒಳ್ಳೆಯದು.

ಬ್ರೇಕ್ ಬಗ್ಗೆ ಚುಟುಕಾಗಿ. ಮಳೆಯಲ್ಲಿ ರಿಮ್ ಬ್ರೇಕ್ ಹಿಡಿದ ಕೂಡಲೇ ಹಿಡಿಯುವುದಿಲ್ಲ, ಮೊದಲ ಒಂದೆರಡು ಸುತ್ತು ನೀರು ಒರಸುವುದಕ್ಕೇ ಹೋಗುತ್ತದೆ. ಅದಕ್ಕೆ ಮುಂಚೆಯೇ ಹಗುರವಾಗಿ ತಾಗಿಸಿ ಒರಸಿಕೊಂಡಿರಬೇಕು. ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಹಾವಸೆ ಹಿಡಿದ ಕಾಂಕ್ರೀಟ್ ಇವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಹಿಂದಿನ ಮಡ್‌ಗಾರ್ಡಿನ ತುದಿಗೆ ಉದ್ದದ ರಬ್ಬರ್ ಹಾಕಿಸಿ. ಮಡ್‌ಗಾರ್ಡ್ ನಿಮ್ಮ ಬೆನ್ನು ಉಳಿಸುತ್ತದೆ, ಆ ರಬ್ಬರಿನಿಂದ ನಿಮಗೆ ಏನೂ ಲಾಭವಿಲ್ಲ, ಹಿಂದೆ ಬರುವವರ ಮುಖಕ್ಕೆ ಕೆಸರು ಹಾರುವುದಿಲ್ಲ ಅಷ್ಟೇ. ನೆರೆಯವನನ್ನು ಪ್ರೀತಿಸುವುದಕ್ಕೆ ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.

ದೀಪವನ್ನು ಸೈಕಲಿನ ಮುಂದೆ ಎಂಟು-ಹತ್ತು ಮೀಟರ್ ನೆಲಕ್ಕೆ ಬೀಳುವ ಹಾಗೆ ಬಾಗಿಸಿ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಣ ರಸ್ತೆಯಲ್ಲಿ ಹೊಂಡ ನೋಡಿ, ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ದೂರ. ಮಳೆಯಲ್ಲಿ ಅದು ಸಾಲದು, ವೇಗ ಇಳಿಸಬೇಕು. ವಾಕ್ಯವು ಕಾಲಿಗೆ ದೀಪ ಎಂದ ಕೀರ್ತನೆ 119 ಮೂಲ್ಕಿಯಲ್ಲಿ ನಿಂತವನಿಗೆ ಉಡುಪಿಯನ್ನು ತೋರಿಸುತ್ತೇನೆ ಎಂದು ಹೇಳುವುದಿಲ್ಲ. ಬೆಳಕು ಎಷ್ಟು ದೂರವೋ ಅಷ್ಟೇ ವೇಗ. ದೊಡ್ಡ ತೀರ್ಮಾನಗಳಲ್ಲಿ ಅವಸರ ಮಾಡುವ ಯುವಕರಿಗೆ ಈ ಲೆಕ್ಕ ಹೇಳಿ ನೋಡಿ, ಬುದ್ಧಿಮಾತಿಗಿಂತ ಬೇಗ ತಲೆಗೆ ಹೋಗುತ್ತದೆ.

ಇದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ: ಓಡಿಸಿದ ಕಿಲೋಮೀಟರುಗಳನ್ನು ಆ್ಯಪಿನಲ್ಲಿ ಹಾಕುವುದು ತಪ್ಪಾ? ತಪ್ಪಲ್ಲ. ಆದರೆ ಜೀನೋ ಬಾರ್ತಾಲಿಯನ್ನು ಒಮ್ಮೆ ನೆನೆಯಿರಿ. ಇಟಲಿಯ ಭಕ್ತ ಕೆಥೊಲಿಕ್, 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವನು. ಯುದ್ಧಕಾಲದಲ್ಲಿ, 1943-44ರಲ್ಲಿ, ತರಬೇತಿಯ ನೆಪದಲ್ಲಿ ಫ್ಲಾರೆನ್ಸ್ ಮತ್ತು ಅಸ್ಸೀಸಿಯ ನಡುವೆ ಸೈಕಲ್ ಓಡಿಸುತ್ತಾ, ಯಹೂದ್ಯರ ಜೀವ ಉಳಿಸುವ ನಕಲಿ ಗುರುತುಪತ್ರಗಳನ್ನು ಫ್ರೇಮಿನ ಕೊಳವೆಯೊಳಗೆ ಸುತ್ತಿಟ್ಟು ಸಾಗಿಸಿದ. ಅದರ ಬಗ್ಗೆ ಬದುಕಿದ್ದಷ್ಟು ಕಾಲ ಹೆಚ್ಚು ಮಾತಾಡಲಿಲ್ಲ. ತೀರಿಹೋದದ್ದು 2000ದಲ್ಲಿ, ನಾಜಿಗಳು ಕೊಂದ ಯಹೂದ್ಯರ ನೆನಪಿಗಿರುವ ಇಸ್ರೇಲಿನ ಸಂಸ್ಥೆ ಯಾದ್ ವಾಶೆಮ್ ಅವನನ್ನು ಗೌರವಿಸಿದ್ದು 2013ರಲ್ಲಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತಿಗೆ ಬೇರೆ ಟಿಪ್ಪಣಿ ಬೇಡ. ಕಿಲೋಮೀಟರ್ ಹಾಕಿ, ಔಷಧಿ ತಲುಪಿಸಲು ಯಾರ ಮನೆಗೆ ಹೋದಿರಿ ಎಂಬುದನ್ನು ಹಾಕಬೇಡಿ.

ಭಾನುವಾರ ಬೆಳಗ್ಗೆ ಗುಂಪು ರೈಡಿಗೆ ಹೋಗಬಹುದಾ ಎಂದೂ ಕೇಳುತ್ತಾರೆ. ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು ಬಿಷಪ್ ಒಬ್ಬರ ಮಕ್ಕಳು, ಭಾನುವಾರ ವಿಮಾನ ಹಾರಿಸುತ್ತಿರಲಿಲ್ಲ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಆರಾಧನೆಗೋ ಬಲಿಪೂಜೆಗೋ ಸೈಕಲಿನಲ್ಲೇ ಹೋಗಿ, ಉಳಿದದ್ದು ಆಮೇಲೆ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ ಎಂದು ಯಾವ ತರಬೇತುದಾರನೂ ಹೇಳುತ್ತಾನೆ, ವಾರಕ್ಕೊಂದು ದಿನ ಬಿಡುವುದರಿಂದ ಯಾರ ಕಾಲೂ ಸೋಲುವುದಿಲ್ಲ.

ಸಂಡೇ ಸ್ಕೂಲಿನವರಿಗೆ ಕೊನೆಯದಾಗಿ, ಇಷ್ಟರಲ್ಲಿ ಒಂದನ್ನೇ ಆರಿಸಿ, ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ನನ್ನನ್ನು ಕೇಳಿದರೆ ಪಂಕ್ಚರ್. ಬೇಕಾಗುವುದು ಹಳೆಯ ಟಯರ್ ಹಾಕಿದ ಒಂದು ಚಕ್ರ, ಟ್ಯೂಬ್, ಪಂಪ್, ಎರಡು ಲಿವರ್, ಮರಳುಕಾಗದ, ಸೊಲ್ಯೂಶನ್, ನಾಲ್ಕೈದು ಪ್ಯಾಚ್, ಬಕೆಟ್ ನೀರು, ಲಿಂಬೆ ಗಿಡದ ಒಂದು ಗಟ್ಟಿ ಮುಳ್ಳು. ಮುಳ್ಳನ್ನು ಮೊದಲೇ ಟಯರಿಗೆ ಚುಚ್ಚಿಟ್ಟು, ಹೊರಗೆ ಉಳಿದದ್ದನ್ನು ಕತ್ತರಿಸಿಬಿಡಿ. ಮಕ್ಕಳೇ ತೂತು ಹುಡುಕಲಿ, ಪ್ಯಾಚ್ ಹಾಕಲಿ, ಗಾಳಿ ಹೊಡೆಯಲಿ, ಚಕ್ರವನ್ನು ನೆಲಕ್ಕೆ ಒತ್ತಿ ಉರುಳಿಸಲಿ. ಎರಡನೇ ಸಲ ಗಾಳಿ ಹೋಗುವ ತನಕ ಸತ್ಯವೇದ ತೆರೆಯಬೇಡಿ. ಯಾಕೆ ಹೀಗಾಯಿತು ಎಂದು ಅವರೇ ಕೇಳಬೇಕು. ಕಿಟಕಿ ತೆರೆದಿಡಿ, ಸೊಲ್ಯೂಶನ್ನಿನ ವಾಸನೆ ತಲೆಗೆ ಏರುತ್ತದೆ, ಬೆಂಕಿಯ ಹತ್ತಿರವೂ ಬೇಡ. ಮುಗಿದ ಮೇಲೆ ಅದರ ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಇಲ್ಲದಿದ್ದರೆ ಮುಂದಿನ ಭಾನುವಾರಕ್ಕೆ ಒಣಗಿ ಕಲ್ಲಾಗಿರುತ್ತದೆ.